ಗೇಟು ಬಿದ್ದ ಹೊತ್ತು

ಒಂದೇ ಪ್ರಿಂಟು, ಎರಡು ಪರದೆ.
ಅರಸೀಕೆರೆಯಲ್ಲಿ ಹಳಿಯ ಈಚೆ ಟಾಕೀಸು, ಆಚೆ ಟೆಂಟು.
ಇಲ್ಲಿ ಮುಗಿದ ರೀಲನ್ನು ಕ್ಯಾರಿಯರಿಗೆ ಬಿಗಿದು
ಅಲ್ಲಿಗೆ ಮುಟ್ಟಿಸುವುದು ನನ್ನ ಕೆಲಸ.
ದಿನಕ್ಕೆ ಒಂದೂವರೆ ರೂಪಾಯಿ, ಮೇಲೊಂದು ಟೀ.
ರೀಲು ಜಬ್ಬಾರ ಅಂದರೆ ಊರಿಗೇ ಗೊತ್ತು.

ಹಾಗಾಗಿ ಯಾವ ಸಿನಿಮಾವನ್ನೂ ಪೂರ್ತಿ ನೋಡಿದವನಲ್ಲ ನಾನು.
ಮೂರನೇ ರೀಲಿನ ಮದುವೆ ಇಲ್ಲಿ ಅರ್ಧ,
ಒಂಬತ್ತನೆಯದರ ಜಗಳ ಅಲ್ಲಿ ಅರ್ಧ,
ನಡುವೆ ಕತ್ತಲು, ಡೈನಮೋದ ಗುಂಯ್,
ಬೆನ್ನ ಹಿಂದೆ ಇನ್ನೂ ಬಿಸಿಯಾಗಿರುವ ಡಬ್ಬ.

ಈರಣ್ಣಯ್ಯ ಹೋದದ್ದು ಮೊನ್ನೆ ಬುಧವಾರ.
ಪಂಚರ್ ಹಾಕಿಸಲು ಬಂದ ಹುಡುಗ ಫೋನು ತಿರುಗಿಸಿ ತೋರಿಸಿದ:
"ಯಾರೋ ಹಳೇ ವಿಲನ್ನಂತೆ, ನಿಮಗೆ ಗೊತ್ತಾ?"
ಗೊತ್ತಾ ಅಂತ ಕೇಳ್ತಾನೆ.
ನಾನು ಅವನನ್ನು ಹೊತ್ತವನು ಮಗಾ.
ಹದಿನಾಲ್ಕನೇ ರೀಲು, ದಿನಕ್ಕೆರಡು ಸಲ, ಇಪ್ಪತ್ತಾರು ದಿನ,
ಅವನ ಸಾವನ್ನೇ ಕಟ್ಟಿಕೊಂಡು ಪೆಡಲು ತುಳಿದವನು.

ಸಾಯುವುದರಲ್ಲಿ ಅವನ ಸಮ ಇರಲಿಲ್ಲ.
ಬೇರೆಯವರು ಗುಂಡು ತಾಗಿದರೆ ಎದೆ ಹಿಡಿದು
ಮೂರು ಸುತ್ತು ಸುತ್ತಿ, ಡೈಲಾಗು ಮುಗಿಸಿ ಬೀಳುವರು.
ಈರಣ್ಣಯ್ಯ ಮೊದಲು ಹೆಗಲ ಟವೆಲ್ಲು ಸರಿಮಾಡಿಕೊಳ್ಳುವನು,
ಬಸ್ಸು ಬಂತೇನೋ ಎಂಬಂತೆ ಆಚೀಚೆ ನೋಡುವನು,
ಆಮೇಲೆ, ಕೂರಲು ಜಾಗ ಸಿಕ್ಕವನ ಹಾಗೆ,
ಮೆಲ್ಲಗೆ ಕೂತುಬಿಡುವನು.
ಅಷ್ಟೇ.
ಸಿಳ್ಳೆಗೆ ಸುರುಟಿದ ತುಟಿಗಳು ಹಾಗೇ ಉಳಿಯುತ್ತಿದ್ದವು.
ಕೆಟ್ಟವನು ಸತ್ತನೆಂದು ಖುಷಿಪಡಲೂ ಬಿಡದ ಕೆಟ್ಟವನು.

ಒಂದು ರಾತ್ರಿ ಅದೇ ರೀಲು ಕಟ್ಟಿಕೊಂಡು ಬರುವಾಗ ಗೇಟು ಬಿತ್ತು.
ಗೂಡ್ಸು. ಅದಿರು ತುಂಬಿದ ಐವತ್ತೆಂಟು ಡಬ್ಬಿ,
ಎಣಿಸಿದೆ, ಎಣಿಸದೆ ಇನ್ನೇನು ಮಾಡಲಿ,
ಕೊನೆಗೆ ಗಾರ್ಡಿನ ಡಬ್ಬಿ ಸರಿಯಾಗಿ ದಾರಿಗಡ್ಡ ನಿಂತಿತು.
ಸಿಗ್ನಲ್ ಇಲ್ಲ. ಗಾರ್ಡು ಬೀಡಿ ಹಚ್ಚಿದ.
ಆಚೆ ಟೆಂಟಿನಲ್ಲಿ ಬೋಳು ಪರದೆ, ಬೆಂಚು ಬಡಿಯುವ ಸದ್ದು,
"ಜಬ್ಬಾರಾ, ಎಲ್ಲಿ ಸತ್ಯೋ!"
ಸತ್ತಿರಲಿಲ್ಲ ಯಾರೂ.
ಇಪ್ಪತ್ತೆರಡು ನಿಮಿಷ ಹೆಚ್ಚಿಗೆ ಬದುಕಿದ್ದ ಈರಣ್ಣಯ್ಯ
ನನ್ನ ಕ್ಯಾರಿಯರಿನ ಮೇಲೆ, ತಗಡಿನೊಳಗೆ,
ಟವೆಲ್ಲಿಗೆ ಇನ್ನೂ ಕೈ ಹಾಕದೆ.
ನಾನೂ ಒಂದು ಬೀಡಿ ಕೇಳಿ ಇಸಿದುಕೊಂಡೆ.

ಅವನ ಹಿಂದೆಯೇ, ಎಂಟು ದಿನಕ್ಕೆ, ಕುಮುದಾಬಾಯಿ.
ಅವಳ ಸುದ್ದಿ ಹುಡುಗನ ಫೋನಿಗೆ ಬರಲಿಲ್ಲ.
ಪೇಪರಿನ ಏಳನೇ ಪುಟ, ಕೊಬ್ಬರಿ ಧಾರಣೆಯ ಕೆಳಗೆ ನಾಲ್ಕು ಸಾಲು,
ಜೊತೆಗೊಂದು ಫೋಟೋ, ಅವಳದಲ್ಲ.
ಯಾವುದೋ ಹೆಂಗಸು, ನಗುತ್ತ, ಮೂಗುತಿ ಎಡಕ್ಕೆ.
ಕುಮುದಾಬಾಯಿ ಮೂಗು ಚುಚ್ಚಿಸಿಕೊಂಡವಳೇ ಅಲ್ಲ.

ಮೇಷ್ಟರ ಹೆಂಡತಿ, ಆಸ್ಪತ್ರೆಯ ಆಯಾ, ನಾಯಕನ ಅಕ್ಕ.
ಕ್ಯಾಮೆರಾ ನಾಯಕನ ಕಣ್ಣೀರು ನೋಡುವಾಗ
ಹಿಂದೆ ಮಬ್ಬಿನಲ್ಲಿ ಅವಳು
ಅವನ ಎಲೆಯ ಉಪ್ಪು ನೋಡುತ್ತಿದ್ದಳು, ಸಾಕೋ ಸಾಲದೋ ಎಂದು.
ನಟನೆ ಅಂದರೆ ಅದು ಅಂತ ನನಗೆ ಯಾರೂ ಹೇಳಲಿಲ್ಲ.
ಮನೆಗೆ ಹೋಗಿ ಉಣ್ಣುವಾಗ ಅಮ್ಮಿಯ ಕೈ ನೋಡಿದೆ.

ಒಮ್ಮೆ ಆರನೇ ರೀಲು ಹರಿದಾಗ ಆಪರೇಟರ್ ತಿಮ್ಮೋಜಿ
ಅಂಟಿಸಿ ಮಿಕ್ಕ ಮೂರು ತುಂಡು ನನ್ನ ಜೇಬಿಗೆ ಹಾಕಿದ್ದ.
ಹಲ್ಲುಪುಡಿ ಡಬ್ಬಿಯಿಂದ ನಿನ್ನೆ ತೆಗೆದು ಬಿಸಿಲಿಗೆ ಹಿಡಿದೆ.
ಬೇರೆ ಬಣ್ಣವೆಲ್ಲ ಇಳಿದು ಕೆಂಪೊಂದೇ ಉಳಿದಿದೆ.
ಬಾಗಿಲಲ್ಲಿ ಲಾಟೀನು ಹಿಡಿದು ಕುಮುದಾಬಾಯಿ,
ಹೆಬ್ಬೆರಳಿನ ಉಗುರಿನಷ್ಟು,
ಮೂಗು ಖಾಲಿ.
ಪೇಪರ್ ಏಜೆಂಟನ ಹತ್ತಿರ ಒಯ್ದೆ. "ಇವಳು. ನಾಳೆ ಇವಳನ್ನ ಹಾಕಿ."
ಕನ್ನಡಕ ಹಣೆಗೇರಿಸಿ ನೋಡಿದ.
"ಇದು ಯಾರಿಗೆ ಕಾಣತ್ತೆ ಸಾಬ್ರೇ" ಅಂದ.

ಈಗ ಆ ಗೇಟಿಲ್ಲ.
ಹಳಿಯ ಕೆಳಗೆ ದಾರಿ ಕೊರೆದಿದ್ದಾರೆ,
ಟೆಂಟಿದ್ದಲ್ಲಿ ಟೈಲ್ಸ್ ಗೋಡೌನು,
ಯಾರೂ ಯಾವ ರೈಲಿಗೂ ನಿಲ್ಲಬೇಕಾಗಿಲ್ಲ.
ಏನಿದ್ದರೂ ಹೊತ್ತಿಗೆ ಸರಿಯಾಗಿ ಬಂದು ಮುಟ್ಟುತ್ತದೆ.

ಸಂಜೆ ಸೈಕಲ್ ತಳ್ಳಿಕೊಂಡು ಹೋಗಿ
ಗೇಟಿನ ಕಂಬದ ಮೋಟು ಉಳಿದ ಕಡೆ ನಿಂತೆ.
ಗೂಡ್ಸು ಬಂತು. ಎಣಿಸಿದೆ.
ನಲವತ್ತರ ಹತ್ತಿರ ಲೆಕ್ಕ ತಪ್ಪಿತು.
ಹಿಂದಿನಿಂದ ಯಾರೋ ಹಾರ್ನು ಹೊಡೆದರು.
ಹೆಗಲ ಟವೆಲ್ಲು ಸರಿಮಾಡಿಕೊಂಡು
ಪಕ್ಕಕ್ಕೆ ಸರಿದೆ.